ಕೈಯಾರೆ ಮಾಡಿದ ಶುಭಾಶಯ

ನಮ್ಮ ಸೀಮೆಯಲ್ಲಿ ಲಗ್ನಪತ್ರಿಕೆಯು ಅಚ್ಚಿನ ಮನೆಯಿಂದ ಬಂದ ಮಾತ್ರಕ್ಕೆ ಲಗ್ನಪತ್ರಿಕೆಯಾಗುವುದಿಲ್ಲ. ಕಟ್ಟನ್ನು ಬಿಚ್ಚಿ ದೇವರ ಮುಂದಿಟ್ಟು, ಮನೆಯ ಹಿರಿಯರೊಬ್ಬರು ಅರಿಶಿನವನ್ನು ನೀರಿನಲ್ಲಿ ಕಲಸಿಕೊಂಡು, ಒಂದೊಂದರ ನಾಲ್ಕು ಮೂಲೆಗೂ ಬೆರಳಿನಿಂದ ಹಚ್ಚಿದ ಮೇಲೆಯೇ ಅದು ಹಂಚುವುದಕ್ಕೆ ಯೋಗ್ಯವಾಗುವುದು. ಐನೂರು ಪತ್ರಿಕೆಗಳಿದ್ದರೆ ಎರಡು ಸಾವಿರ ಮೂಲೆಗಳು! ಯಂತ್ರವು ಕ್ಷಣಾರ್ಧದಲ್ಲಿ ಮುಗಿಸಿದ ಕೆಲಸದ ಮೇಲೆ ಬೆರಳು ಒಂದು ಮಧ್ಯಾಹ್ನವನ್ನೇ ಕಳೆಯುತ್ತದೆ. ಈಚೆಗೆ ಕೆಲವರು ಆ ಹಳದಿಯನ್ನೂ ಅಚ್ಚಿನಲ್ಲಿಯೇ ಮುದ್ರಿಸಿಬಿಡುವುದುಂಟು. ಆದರೆ ಮನೆಯಲ್ಲಿ ಅಜ್ಜಿಯೊಬ್ಬಳಿದ್ದರೆ ಆ ಮುದ್ರಿತ ಹಳದಿಯ ಮೇಲೆ ನಿಜವಾದ ಅರಿಶಿನ ಬೀಳದೆ ಇರುವುದಿಲ್ಲ.

ಇದಕ್ಕೆ ವಿರುದ್ಧವಾದ ಪದ್ಧತಿಯೂ ಒಂದಿತ್ತು. ಅಶುಭವಾರ್ತೆಯನ್ನು ತಂದ ಕಾಗದವನ್ನು ಓದಿದೊಡನೆ ಹರಿದು ಬಿಸಾಡುತ್ತಿದ್ದರು. ಅದನ್ನು ಮನೆಯಲ್ಲಿ ಇರಿಸಿಕೊಳ್ಳುತ್ತಿರಲಿಲ್ಲ. ಕಾಗದವು ಸುದ್ದಿಯನ್ನು ಹೊತ್ತು ತರುವ ವಾಹನವಷ್ಟೇ ಅಲ್ಲ, ಸುದ್ದಿಯ ಶರೀರವೇ ಅದು ಎಂದು ನಮ್ಮ ಹಿರಿಯರು ತಿಳಿದಿದ್ದರೆಂದು ತೋರುತ್ತದೆ. ಆದುದರಿಂದ ಮನೆಯಲ್ಲಿ ಕೈಯಿಂದ ಮಾಡುವ ಶುಭಾಶಯ ಪತ್ರದ ವಿಷಯವಾಗಿ ನಾಲ್ಕು ಮಾತು ಬರೆಯಹೊರಟ ನಾನು, ಅದೊಂದು ಪರದೇಶದ ಹವ್ಯಾಸ, ಮಕ್ಕಳ ಬಿಡುವಿನ ಆಟ ಎಂಬ ಮಾತನ್ನು ಒಪ್ಪಲಾರೆ.

ನಿಜವಾಗಿ ನೋಡಿದರೆ ಅಂಗಡಿಯಲ್ಲಿ ದೊರೆಯುವ ಕ್ರಿಸ್‌ಮಸ್ ಶುಭಾಶಯ ಪತ್ರಕ್ಕೇ ಇನ್ನೂ ಇನ್ನೂರು ವರ್ಷ ತುಂಬಿಲ್ಲ. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂದಿತು. ಅದಕ್ಕಾಗಿ ದುಡಿದವರಲ್ಲಿ ಹೆನ್ರಿ ಕೋಲ್ ಎಂಬಾತನೂ ಒಬ್ಬ. ಅಂಚೆ ಅಗ್ಗವಾದ ಮೇಲೆ ಕಾಗದಗಳು ಹೆಚ್ಚಿದುವು; ಸ್ನೇಹಿತರಿಗೆಲ್ಲ ಕ್ರಿಸ್‌ಮಸ್ ಹಬ್ಬದ ಕಾಗದ ಬರೆಯಲು ಆತನಿಗೆ ಬಿಡುವು ಸಾಲದಾಯಿತು. 1843ರಲ್ಲಿ ಆತ ಜಾನ್ ಕಾಲ್ಕಾಟ್ ಹಾರ್ಸ್‌ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಸಿ, ಕಲ್ಲಚ್ಚಿನಲ್ಲಿ ಮುದ್ರಿಸಿ, ಕೈಯಿಂದಲೇ ಬಣ್ಣ ತುಂಬಿಸಿದ. ಆ ಪತ್ರಗಳು ಒಂದೊಂದು ಷಿಲಿಂಗಿಗೆ ಮಾರಾಟವೂ ಆದುವು. ಅಚ್ಚಿನ ಕ್ರಿಸ್‌ಮಸ್ ಪತ್ರವು ಹುಟ್ಟಿದ್ದೇ ಹೀಗೆ, ಬಿಡುವಿಲ್ಲದ ಮನುಷ್ಯನ ಅನುಕೂಲಕ್ಕಾಗಿ. ಇಂದು ಹಬ್ಬದ ಬೆಳಗಿನಲ್ಲಿ ಒಂದೇ ಚಿತ್ರವನ್ನು ನೂರು ಜನರಿಗೆ ದೂರವಾಣಿಯ ಮೂಲಕ ಕಳುಹಿಸುವ ನಾವು ಆತನ ಮೊಮ್ಮಕ್ಕಳೇ ಸರಿ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬಿಡುವಿಲ್ಲದವನು ನೆನೆದನಲ್ಲ, ಅದೇ ದೊಡ್ಡದು. ಆದರೆ ಕೈಯಿಂದ ಮಾಡಿದ ಪತ್ರದ ಸ್ವಭಾವವೇ ಬೇರೆ. ಅದರಲ್ಲಿ ಒಬ್ಬರು ಮತ್ತೊಬ್ಬರಿಗಾಗಿ ಕಳೆದ ಹೊತ್ತು ಕಣ್ಣಿಗೆ ಕಾಣುವಂತೆ ಕುಳಿತಿರುತ್ತದೆ.

ಕಾಗದದ ಎಲೆಗಳನ್ನು ಹೀಗೆ ಹೊತ್ತು ಕಳೆದು ಮಾಡುವ ಕಲೆ ಮೈಸೂರಿಗೆ ಹೊಸದಲ್ಲ. ನಂಜನಗೂಡಿನ ದೇವಾಲಯಕ್ಕೆ ಬಗೆಬಗೆಯ ಸೇವೆ ಸಲ್ಲಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಗಂಜೀಫದ ಆಟಗಳನ್ನು ಹೊಸದಾಗಿ ಕಲ್ಪಿಸಿದವರು. ಅವನ್ನು ‘ಛದ’ ಎಂದು ಕರೆದು, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ವಿವರಿಸಿದ್ದಾರೆ. ಚಾಮುಂಡೇಶ್ವರೀ ಛದ ಒಂದಕ್ಕೇ 320 ಎಲೆಗಳು. ಒಂದೊಂದನ್ನೂ ಚಿತ್ರಗಾರನು ಬರೆಯಬೇಕು. ಗಂಜೀಫದ ಎಲೆಗಾಗಿ ನಮ್ಮ ದೇಶದ ಹಲವೆಡೆ ಹಳೆಯ ಬಟ್ಟೆಯನ್ನೋ ಕಾಗದವನ್ನೋ ಪದರಪದರವಾಗಿ ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಒಣಗಿಸಿ, ಉಜ್ಜಿ ನುಣುಪು ಮಾಡಿ, ಆಮೇಲೆ ಬಣ್ಣಕ್ಕೆ ಕೈಹಾಕುತ್ತಿದ್ದರು. ಅರಮನೆಯ ವಿನೋದಕ್ಕೂ ಬಡವರ ಮನೆಯ ಅಡಿಗೆಗೂ ಹುಣಸೆಮರ ಒಂದೇ ಎಂಬುದನ್ನು ಯೋಚಿಸಿದರೆ ಸಂತೋಷವಾಗುತ್ತದೆ.

ನಮ್ಮ ನಂಜನಗೂಡಿನಲ್ಲಿ ಈ ಕೆಲಸಕ್ಕೆ ಸಾಮಗ್ರಿಯ ಬರವಿಲ್ಲ. ಊರಿನ ಹತ್ತಿರ ಚಿಕ್ಕಯ್ಯನ ಛತ್ರದಲ್ಲಿ ರದ್ದಿಯಿಂದ ಕಂದು ಕಾಗದವನ್ನು ತಯಾರಿಸುವ ಗಿರಣಿಯೇ ಇದೆ. ಅದರ ಕಂಪೆನಿ 1959ರಷ್ಟು ಹಳೆಯದು. ಅಂಗಡಿಯಿಂದ ಸಾಮಾನು ಸುತ್ತಿಕೊಂಡು ಬಂದ ಅಂಥ ಕಂದು ಕಾಗದವನ್ನು ನೀವಿ, ಮಡಿಸಿ, ಹಾಸಿಗೆಯ ಕೆಳಗೆ ಒಂದು ರಾತ್ರಿ ಇಟ್ಟರೆ ಪತ್ರದ ಹೊದಿಕೆಗೆ ಅದಕ್ಕಿಂತ ಗಂಭೀರವಾದ ಬಣ್ಣ ಬೇರೆ ಬೇಕಿಲ್ಲ. ಗಟ್ಟಿಯಾದ ರಟ್ಟು ಬೇಕೆಂದರೆ, ಮುಗಿದುಹೋದ ಮದುವೆಗಳ ಲಗ್ನಪತ್ರಿಕೆಗಳು ಪ್ರತಿಯೊಂದು ಮನೆಯ ಕಪಾಟಿನಲ್ಲಿಯೂ ಇವೆ. ಹೊಲಿಯುವುದಕ್ಕೂ ಕಟ್ಟುವುದಕ್ಕೂ ಬಾಳೆಯ ನಾರಿದೆ. ರಸಬಾಳೆಯ ಊರಿನಲ್ಲಿ ಇದನ್ನು ಹೇಳಬೇಕಾಗಿಯೇ ಇಲ್ಲ. ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಹೊರಡುವಾಗ ಬೀದಿಯ ಎರಡು ಬದಿಯಲ್ಲಿ ಮಾರುವ ಕಾಗದದ ಗಿರಿಗಿಟ್ಟಲೆಯನ್ನು ಒಮ್ಮೆ ಬಿಚ್ಚಿ ನೋಡಿದ ಹುಡುಗನಿಗೆ, ಒಂದು ಚೌಕ ಕಾಗದ ಮತ್ತು ನಾಲ್ಕು ಕತ್ತರಿಗಳಿಂದ ಗಾಳಿಯನ್ನು ಹಿಡಿಯುವ ಉಪಾಯವು ತಾನಾಗಿಯೇ ತಿಳಿಯುತ್ತದೆ.

ಕಪಿಲೆಯ ಹರಿವನ್ನು ಅನುಸರಿಸಿ ಕೆಳಗೆ ಹೋದರೆ ಸುತ್ತೂರನ್ನು ದಾಟಿ ತಿರುಮಕೂಡಲು ನರಸೀಪುರ. ಅಲ್ಲಿ ಅವಳು ಕಾವೇರಿಯನ್ನು ಕೂಡುತ್ತಾಳೆ. ಆ ಊರಿನಲ್ಲಿ ರೇಷ್ಮೆಯ ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆಯಿದೆ. ಮೈಸೂರು ರೇಷ್ಮೆ ಸೀರೆಗೆ ನೂಲು ಒದಗಿಸುವುದು ಅದರ ಕೆಲಸ. ಒಂದು ಗೂಡಿನಲ್ಲಿ ಹಲವು ನೂರು ಮೀಟರು ಉದ್ದದ ಒಂದೇ ಎಳೆ ಇರುತ್ತದೆಂದು ಬಲ್ಲೆವಷ್ಟೆ. ಚಿಟ್ಟೆ ತೂತುಮಾಡಿಕೊಂಡು ಹೊರಬಂದ ಗೂಡಿನಲ್ಲಿ ಆ ಎಳೆ ಅಖಂಡವಾಗಿ ಉಳಿಯದೆ, ನೂಲು ಬಿಚ್ಚಲು ಅದು ಬಾರದು. ಆದರೆ ಅಂಥ ಗೂಡನ್ನು ಕತ್ತರಿಯಿಂದ ದಳದಳವಾಗಿ ಕತ್ತರಿಸಿ ಜೋಡಿಸಿದರೆ ಹೂವಾಗುತ್ತದೆ. ಹಾರಗಳನ್ನೂ ಹೀಗೆ ಮಾಡುವುದುಂಟು. ನರಸೀಪುರದ ಮತ್ತೊಂದು ವಸ್ತು ಗುಲಗಂಜಿ. ಅಲ್ಲಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿದೆ; ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯಷ್ಟು ಹೆಚ್ಚೆಂದು ಜನರ ನಂಬಿಕೆ. ಕೆಂಪುಕಪ್ಪಿನ ಆ ಬೀಜವು ಪತ್ರದ ಮೇಲೆ ಅಂದವಾಗಿ ಕಾಣುವುದಾದರೂ, ಒಡೆದು ನುಂಗಿದರೆ ಘೋರ ವಿಷ. ಮಕ್ಕಳ ಕೈಗೆ ಅದನ್ನು ಕೊಡಬಾರದು. ಕೆಂಪು ಕಾಗದದ ಚುಕ್ಕೆಗೆ ಕಪ್ಪು ಶಾಯಿಯ ಬೊಟ್ಟಿಟ್ಟರೆ ಸಾಕು.

ಮಾಡುವ ಕ್ರಮದಲ್ಲಿ ಎರಡು ರಹಸ್ಯಗಳಿವೆ. ಮರದ ಹಲಗೆಯಂತೆಯೇ ಗಿರಣಿಯ ಕಾಗದಕ್ಕೂ ನಾರಿನ ದಿಕ್ಕು ಎಂಬುದೊಂದಿದೆ. ಹಾಳೆಯನ್ನು ಎರಡು ದಿಕ್ಕಿನಲ್ಲಿಯೂ ಮೆಲ್ಲಗೆ ಬಾಗಿಸಿ ನೋಡಿದರೆ ಒಂದು ದಿಕ್ಕಿನಲ್ಲಿ ಸುಲಭವಾಗಿ ಬಾಗುತ್ತದೆ, ಮತ್ತೊಂದರಲ್ಲಿ ಹಟ ಮಾಡುತ್ತದೆ. ಸುಲಭವಾಗಿ ಬಾಗಿದ ಕಡೆಗೇ ಮಡಿಸಬೇಕು. ಇಲ್ಲವಾದರೆ ಮಡಿಸಿದ ಗೆರೆಯುದ್ದಕ್ಕೂ ರಟ್ಟು ಬಿರಿಯುತ್ತದೆ. ಮಡಿಸುವ ಮೊದಲು ಅಳತೆಯ ಪಟ್ಟಿಯನ್ನಿಟ್ಟು ಶಾಯಿ ಮುಗಿದ ಲೇಖನಿಯಿಂದ ಒಂದು ಗೀರು ಎಳೆದುಕೊಳ್ಳುವುದು ಉತ್ತಮ. ಎರಡನೆಯದು ಅಂಟಿನ ವಿಷಯ. ಮೈದಾಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಹಾಲಿನಂತಿದ್ದುದು ಗಾಜಿನಂತೆ ಹೊಳೆಯತೊಡಗಿದಾಗ ಇಳಿಸಬೇಕು. ಅಂಟು ತೆಳುವಾಗಿರಬೇಕು, ಒತ್ತಡ ಹೆಚ್ಚಾಗಿರಬೇಕು, ಕಾಯುವ ತಾಳ್ಮೆ ಅದಕ್ಕಿಂತಲೂ ಹೆಚ್ಚಾಗಿರಬೇಕು. ಮಕ್ಕಳಿಗೆ ಮೊದಲನೆಯ ಎರಡನ್ನು ಕಲಿಸಬಹುದು; ಮೂರನೆಯದನ್ನು ಕಾಗದವೇ ಕಲಿಸಬೇಕು.

ಉಪಾಧ್ಯಾಯ ಮಿತ್ರರು ಇದನ್ನು ಕಾಲಹರಣವೆಂದು ಭಾವಿಸದಿರಲಿ. 1893ರಲ್ಲಿ ಮದರಾಸಿನಲ್ಲಿ ಟಿ. ಸುಂದರರಾಯರೆಂಬವರು ಕಾಗದವನ್ನು ಮಡಿಸಿಯೇ ರೇಖಾಗಣಿತವನ್ನು ಕಲಿಸುವ ಇಂಗ್ಲಿಷ್ ಗ್ರಂಥವೊಂದನ್ನು ಪ್ರಕಟಿಸಿದರು. ಶಿಶುವಿಹಾರದ ಮಕ್ಕಳು ಕಾಗದ ಮಡಿಸುವ ಆಟವೇ ಅವರಿಗೆ ಪ್ರೇರಣೆ. ಜರ್ಮನಿಯ ದೊಡ್ಡ ಗಣಿತಜ್ಞನಾದ ಫೆಲಿಕ್ಸ್ ಕ್ಲೈನ್ ಅದನ್ನು ಗಮನಿಸಿ ತನ್ನ ಪುಸ್ತಕದಲ್ಲಿ ಹೆಸರಿಸಿದ; 1901ರಲ್ಲಿ ಅಮೆರಿಕೆಯಲ್ಲಿ ಅದು ಮತ್ತೆ ಅಚ್ಚಾಯಿತು. ಕಣ್ಣು ಕಲಿತುದನ್ನು ಕೈಯೂ ಕಲಿಯಬಲ್ಲದು, ಒಮ್ಮೊಮ್ಮೆ ಕಣ್ಣಿಗಿಂತ ಚೆನ್ನಾಗಿ ನೆನಪಿಡಬಲ್ಲದು ಎಂಬುದಕ್ಕೆ ಇದು ಪಂಡಿತರ ಸಾಕ್ಷ್ಯ. ನನಗೆ ದೊರೆತ ಸಾಕ್ಷ್ಯ ನಮ್ಮ ಮನೆಯದೇ.

ನನ್ನ ಅಕ್ಕ ಇರುವುದು ನರಸೀಪುರದಲ್ಲಿ. ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು. ಸಾವಿರಾರು ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದವಳು. ಕೆಲವು ವರ್ಷಗಳಿಂದ ಗ್ಲಾಕೋಮ ಎಂಬ ಕಾಯಿಲೆಯಿಂದ ಅವಳ ದೃಷ್ಟಿ ಸ್ವಲ್ಪ ಸ್ವಲ್ಪವಾಗಿ ಹಿಂದೆ ಸರಿಯಿತು. ಆ ಕಾಯಿಲೆಯಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಈಗ ಅವಳಿಗೆ ಬೆಳಕಿರುವ ಕಡೆ ತಿಳಿಯುತ್ತದೆ, ಅಷ್ಟೇ. ಮೈಸೂರಿನಲ್ಲಿ ಅಂಧರಿಗೂ ಕಿವುಡರಿಗೂ 1901ರಲ್ಲಿಯೇ ಶಾಲೆ ಆರಂಭವಾದುದನ್ನು ಹಿಂದೆ ತನ್ನ ಮಕ್ಕಳಿಗೆ ಪಾಠ ಹೇಳುತ್ತಿದ್ದವಳೇ ಅವಳು. ಆದರೆ ಎಪ್ಪತ್ತು ದಾಟಿದ ಮೇಲೆ ಚುಕ್ಕೆಗಳ ಹೊಸ ಲಿಪಿಯನ್ನು ಕಲಿಯುವ ಉತ್ಸಾಹ ಅವಳಿಗೆ ಬರಲಿಲ್ಲ. ಪ್ರತಿದಿನ ದೂರವಾಣಿಯಲ್ಲಿ ಮಾತನಾಡುತ್ತೇವೆ. ಒಂದು ದಿನ ಹೇಳಿದಳು: “ನಿಮ್ಮೆಲ್ಲರ ಧ್ವನಿ ಚೆನ್ನಾಗಿ ಕೇಳಿಸುತ್ತದೆ ಕಣೋ. ಆದರೆ ಇಟ್ಟಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ ನೋಡು.”

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಸಂಕ್ರಾಂತಿ ಹತ್ತಿರ ಬಂದಿತ್ತು. ಮೂರನೆಯ ತರಗತಿಯ ನನ್ನ ಮೊಮ್ಮಗಳು ಎಳ್ಳುಬೆಲ್ಲದ ಜತೆಗೆ ಕಳುಹಿಸಲು ಪತ್ರವೊಂದನ್ನು ಮಾಡುವೆನೆಂದು ಬಣ್ಣದ ಪೆನ್ಸಿಲುಗಳನ್ನು ಹರಡಿಕೊಂಡು ಕುಳಿತಳು. “ಅಜ್ಜಿಗೆ ಬಣ್ಣ ಕಾಣುವುದಿಲ್ಲವಲ್ಲ, ಮರಿ” ಎಂದೆ. ಮಗು ಒಂದು ಗಳಿಗೆ ಯೋಚಿಸಿ, ಪೆನ್ಸಿಲುಗಳನ್ನು ಪೆಟ್ಟಿಗೆಗೆ ತುಂಬಿ, ಕತ್ತರಿಯನ್ನು ತೆಗೆದುಕೊಂಡಿತು.

ಮೂರು ಸಂಜೆ ಕೆಲಸ ನಡೆಯಿತು. ಲಗ್ನಪತ್ರಿಕೆಯ ರಟ್ಟನ್ನು ಎರಡು ಪದರ ಅಂಟಿಸಿ, ಎರಡು ಬೆರಳೆತ್ತರದ ಅಕ್ಷರಗಳನ್ನು ಕತ್ತರಿಸಿದೆವು. ಕಂದು ಕಾಗದದ ಮೇಲೆ ‘ಅಜ್ಜಿ’ ಎಂಬುದು ಉಬ್ಬಿ ನಿಂತಿತು. ಕೆಳಗೆ ಬಾಳೆನಾರನ್ನು ಹೊಸೆದು ಗಿಣ್ಣುಗಿಣ್ಣಾಗಿ ಗಂಟುಹಾಕಿ ಕಬ್ಬಿನ ಜಲ್ಲೆಯನ್ನು ಅಂಟಿಸಿದೆವು. ಪಕ್ಕದಲ್ಲಿ ರೇಷ್ಮೆಗೂಡಿನ ದಳಗಳ ಹೂವು. ನೋಡುವವರ ಕಣ್ಣಿಗೆ ಅದು ಅಷ್ಟೇನೂ ಸುಂದರವಾಗಿರಲಿಲ್ಲ. ಆದರೆ ಕಣ್ಣು ಮುಚ್ಚಿ ಬೆರಳಾಡಿಸಿದರೆ ಗಿಣ್ಣುಗಳನ್ನು ಎಣಿಸಬಹುದಾಗಿತ್ತು. ದಪ್ಪ ಲಕೋಟೆಗೆ ಹಾಕಿ, ಹೆಚ್ಚಿನ ಅಂಚೆಚೀಟಿ ಹಚ್ಚಿ, ಕಳುಹಿಸಿದೆವು.

ಎರಡು ದಿನದ ಮೇಲೆ ಅಕ್ಕನ ಕರೆ ಬಂದಿತು. “ಏನಪ್ಪಾ, ನಿನ್ನ ಮೊಮ್ಮಗಳು ನನ್ನನ್ನು ಅಜ್ಜನನ್ನಾಗಿ ಮಾಡಿಬಿಟ್ಟಿದ್ದಾಳಲ್ಲ! ಜಕಾರವಿದೆ, ಒತ್ತಿದೆ, ಗುಡಿಸು ಎಲ್ಲಿ?”

ಮೇಷ್ಟರ ಬೆರಳು! ಉಬ್ಬಿದ ಅಕ್ಷರದ ಮೇಲೆ ಒಮ್ಮೆ ಹರಿದಾಡಿತೋ ಇಲ್ಲವೋ, ತಪ್ಪನ್ನು ಹಿಡಿದುಬಿಟ್ಟಿತು. ಗುಡಿಸನ್ನು ಬೇರೆಯ ಚೂರಿನಿಂದ ಮಾಡಿ ಮಗು ಅಂಟಿಸಿತ್ತು; ಗುಲಗಂಜಿಗಿಂತ ಸ್ವಲ್ಪ ದೊಡ್ಡದಾದ ಆ ಚೂರು ದಾರಿಯಲ್ಲಿ ಕಳಚಿಕೊಂಡಿತ್ತು. ಅಕ್ಕ ಅಷ್ಟಕ್ಕೆ ಬಿಡಲಿಲ್ಲ. ಲಕೋಟೆಯನ್ನು ತರಿಸಿ, ಒಳಗೆ ಬೆರಳಿಟ್ಟು ತಡಕಿ, ಮೂಲೆಯಲ್ಲಿದ್ದ ಗುಡಿಸನ್ನು ಹುಡುಕಿದಳಂತೆ. ಅನ್ನದ ಅಗುಳೊಂದನ್ನು ನುರಿದು, ಜಕಾರದ ನೆತ್ತಿಯ ಮೇಲೆ ತಾನೇ ಕೂರಿಸಿದಳಂತೆ. “ಈಗ ಸರಿಯಾಯಿತು, ಅಜ್ಜಿಯಾದೆ” ಎಂದು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ನಾನು ಓದಿ ನಾಲ್ಕು ವರ್ಷವಾಗಿತ್ತು ಕಣೋ” ಎಂದಳು.

ಆ ಒಂದು ಶಬ್ದವನ್ನು ಅವಳು ಓದಿದ್ದಳು. ಯಾರೂ ಓದಿ ಹೇಳಿರಲಿಲ್ಲ. ಅಂಗಡಿಯ ಪತ್ರದಲ್ಲಿ ಇದಕ್ಕಿಂತ ಸಾವಿರ ಪಾಲು ಅಂದವಾದ ಚಿತ್ರವಿದ್ದಿರಬಹುದು, ಆದರೆ ನರಸೀಪುರದ ಒಬ್ಬ ಮುದುಕಿಯ ಬೆರಳಿಗೆ ತಕ್ಕ ಅಳತೆಯ ಅಕ್ಷರ ಅದರಲ್ಲಿ ಇರಲಾರದು. ಆ ಅಳತೆ ಅವಳನ್ನು ಬಲ್ಲವರಿಗೆ ಮಾತ್ರ ಗೊತ್ತು.

ವಾರ ಕಳೆದ ಮೇಲೆ ಮಗುವಿನ ಹೆಸರಿಗೆ ಒಂದು ಲಕೋಟೆ ಬಂದಿತು. ಅದರಲ್ಲಿ ಬರಹವೇನೂ ಇರಲಿಲ್ಲ. ಕ್ಯಾಲೆಂಡರಿನ ಹಾಳೆಯಿಂದ ಮಡಿಸಿ, ಚಪ್ಪಟೆಯಾಗಿ ಒತ್ತಿದ ಕತ್ತಿದೋಣಿ; ಮೂಲೆಗೆ ಮೂಲೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮಗು ಅದನ್ನು ಕಪಿಲೆಯಲ್ಲಿ ತೇಲಿಬಿಡಬೇಕೆಂದಿತು. ಹೊಳೆ ಹರಿಯುವುದು ನರಸೀಪುರದ ಕಡೆಗೇ, ಬಿಟ್ಟರೆ ದೋಣಿ ಬಂದ ಮನೆಗೇ ಹಿಂದಿರುಗಿ ಹೋದೀತು ಎಂದೆ. ಬಿಡುವುದು ಬೇಡವೆಂದು ನಿಶ್ಚಯವಾಯಿತು.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಪ್ರಾರ್ಥನೆ. ಮುಂದಿನ ಹಬ್ಬಕ್ಕೆ ನೂರು ಜನರಿಗೆ ಕಳುಹಿಸುವ ಶುಭಾಶಯವನ್ನು ಧಾರಾಳವಾಗಿ ಕಳುಹಿಸಿ. ಅದರ ಜತೆಗೆ ನಿಮ್ಮ ಕೈಗಾಗಿಯೇ ಕಾಯುತ್ತಿರುವವರು ಒಬ್ಬರಿದ್ದಾರೆಯೇ ಎಂದು ನೆನಪುಮಾಡಿಕೊಂಡು, ಅವರಿಗಾಗಿ ಒಂದು ಸಂಜೆ ಕತ್ತರಿ ಹಿಡಿದು ಕುಳಿತುಕೊಳ್ಳಿ. ಮೈದಾ ಒಂದು ಚಮಚ ಸಾಕು; ಅಂಟು ಮಾತ್ರ ಚೆನ್ನಾಗಿ ಬೇಯಲಿ.