ಬೀರುವಿನ ಬೀಗ ತೆರೆಯಲಿ

ಹರಿದುಹೋದೀತೆಂಬ ಅಂಜಿಕೆಯಿಂದ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಶಾಲೆಗಳು ಇಂದಿಗೂ ಉಂಟು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರಾದ ಡಾ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ, ಗ್ರಂಥಗಳಿರುವುದು ಬಳಕೆಗಾಗಿ ಎಂಬುದು. ಬಳಸುವ ರೀತಿಯನ್ನು ಕಲಿಸಿದರೆ ಹರಿಯುವ ಭಯ ತಾನಾಗಿಯೇ ತೊಲಗುವುದು.

ಎಳೆಯರಿಗೆ ಇದನ್ನು ಉಪದೇಶದಿಂದಲ್ಲ, ಆಟದಿಂದ ಕಲಿಸಬೇಕು. ಮೂರನೆಯ ತರಗತಿಯ ಮಕ್ಕಳಿಗೆ ಲೇಖಕರ ಹೆಸರಿನ ಚೀಟಿಗಳನ್ನಿತ್ತು ಅಕಾರಾದಿಯಾಗಿ ಸಾಲು ನಿಲ್ಲಿಸಿರಿ. ಕಾರಂತರು ಮುಂದೋ, ಕುವೆಂಪು ಮುಂದೋ ಎಂಬ ಚರ್ಚೆಯಲ್ಲಿಯೇ ಕಾಗುಣಿತವೂ ಗಟ್ಟಿಯಾಗುವುದು.

ಐದನೆಯ ತರಗತಿಯವರಿಗೆ ಡ್ಯೂಯಿ ದಶಾಂಶ ಪದ್ಧತಿಯನ್ನು ಪರಿಚಯಿಸಬಹುದು. ಅದರಲ್ಲಿ ವಿಜ್ಞಾನಕ್ಕೆ 500, ಸಾಹಿತ್ಯಕ್ಕೆ 800, ಇತಿಹಾಸ-ಭೂಗೋಳಗಳಿಗೆ 900. ‘ನಕ್ಷತ್ರ’, ‘ನಾಟಕ’, ‘ವಿಜಯನಗರ’ ಎಂದು ಬರೆದ ಚೀಟಿಗಳನ್ನು ಹಂಚಿ, ತಕ್ಕ ಪುಸ್ತಕವನ್ನು ಹುಡುಕಿ ತರಲು ಹೇಳಿರಿ. ಪರಿವಿಡಿ ನೋಡಿ ಪುಟವನ್ನು ತೆರೆದ ಮಗುವಿಗೆ ಎಲ್ಲರ ಚಪ್ಪಾಳೆ ಸಲ್ಲಲಿ. ಓದಿದ ಪುಸ್ತಕವನ್ನು ಅದರ ಜಾಗದಲ್ಲಿಯೇ ಇಡುವುದು ಆಟದ ಕೊನೆಯ ನಿಯಮ. ತಪ್ಪು ಜಾಗದಲ್ಲಿಟ್ಟ ಪುಸ್ತಕ ಕಳೆದುಹೋದ ಪುಸ್ತಕಕ್ಕೆ ಸಮಾನ. ಹರಿದ ಹಾಳೆಗೆ ಅಂಟು ಹಚ್ಚುವ ಕೆಲಸವೂ ಮಕ್ಕಳದೇ ಆಗಲಿ.

ತಾಯಿತಂದೆಯರು ವಾರಕ್ಕೊಮ್ಮೆ ಮಕ್ಕಳನ್ನು ಊರಿನ ಗ್ರಂಥಾಲಯಕ್ಕೆ ಕರೆದೊಯ್ಯಲಿ. ಬೇಕಾದ ಪುಸ್ತಕವನ್ನು ತಾನೇ ಹುಡುಕಿಕೊಳ್ಳಬಲ್ಲ ಮಗುವಿಗೆ, ಗುರುಗಳು ಎದುರಿಗಿಲ್ಲದಾಗಲೂ ಕಲಿಕೆ ನಿಲ್ಲದು.