ಕಾಯಿನನಿಗೆ ದೇವರು ಕೇಳಿದ ಪ್ರಶ್ನೆ: ಶಾಲಾ ಹಿಂಸೆ ಮತ್ತು ಜೀವನ ಕೌಶಲ್ಯ ಶಿಕ್ಷಣ

ಆದಿಕಾಂಡದ ನಾಲ್ಕನೆಯ ಅಧ್ಯಾಯವನ್ನು ನಾವು ಮೊದಲ ಕೊಲೆಯ ವೃತ್ತಾಂತವೆಂದೇ ಬೋಧಿಸುತ್ತೇವೆ. ಕೊಲೆಗೆ ಮುನ್ನ ದೇವರು ಕಾಯಿನನೊಡನೆ ಆಡಿದ ಮಾತಿಗೆ (4:6-7) ಸಲ್ಲುವ ಗಮನ ಕಡಿಮೆ. ಅಲ್ಲಿ ದೇವರು ಅವನನ್ನು ದಂಡಿಸುವುದಿಲ್ಲ. ಸಿಟ್ಟಿಗೆ ಕಾರಣ ಕೇಳುತ್ತಾರೆ, ಬಾಗಿಲಲ್ಲಿ ಹೊಂಚುಹಾಕಿರುವ ಪಾಪವನ್ನು ಅವನು ಆಳಬೇಕೆಂದು ತಿಳಿಸುತ್ತಾರೆ. ಕಾಯಿನನು ಉತ್ತರಿಸುವುದಿಲ್ಲ. ಮುಂದಿನ ವಚನದ ಹೀಬ್ರೂ ಪಾಠದಲ್ಲಿ ಅವನು ತಮ್ಮನಿಗೆ ಹೇಳಿದನೆಂದಿದೆ, ಏನು ಹೇಳಿದನೆಂಬುದಿಲ್ಲ. ಆ ತೆರಪನ್ನು ತುಂಬಿರುವುದು ಗ್ರೀಕ್ ಸಪ್ತತಿ ಅನುವಾದ ಮತ್ತು ಸಮಾರ್ಯ ಪಾಠ. ಮಾತು ಇರಬೇಕಾದ ಸ್ಥಳ ಬರಿದಾಗಿದೆ. ಆ ಬಳಿಕ ಕೈ ಎದ್ದಿದೆ.

ಜೀವನ ಕೌಶಲ್ಯ ಶಿಕ್ಷಣವು ಈ ತೆರಪಿನಲ್ಲಿ ಕೆಲಸ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹತ್ತು ಕೌಶಲ್ಯಗಳನ್ನು ಗುರುತಿಸಿತು. ಹಿಂಸೆಯ ತಡೆಗೆ ಅವುಗಳಲ್ಲಿ ನೇರವಾಗಿ ಒದಗುವುವು ಸ್ವ-ಅರಿವು, ಪರಾನುಭೂತಿ, ಪರಿಣಾಮಕಾರಿ ಸಂವಹನ ಹಾಗೂ ಭಾವನೆಗಳ ನಿರ್ವಹಣೆ. ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಮಾದರಿಯಲ್ಲಿ ಇದನ್ನು ಕಲಿಸುವವರು ಹೊರಗಿನ ತಜ್ಞರಲ್ಲ, ಶಾಲೆಯ ಶಿಕ್ಷಕರೇ. ಉಪನ್ಯಾಸಕ್ಕೆ ಇಲ್ಲಿ ಎಡೆಯಿಲ್ಲ. ಗುಂಪು ಚರ್ಚೆ, ಪಾತ್ರಾಭಿನಯಗಳೇ ಸಾಧನ. ಬಿಸಿಯೂಟದ ಸಾಲಿನಲ್ಲಿ ತಳ್ಳಿಸಿಕೊಂಡ ಹುಡುಗ ಏನು ಮಾಡಬಹುದೆಂಬುದನ್ನು ಮಕ್ಕಳೇ ಆಡಿ ತೋರಿಸುತ್ತಾರೆ; ತಳ್ಳಿದವನ ಪಾತ್ರವನ್ನೂ ಅವರೇ ವಹಿಸುತ್ತಾರೆ. (ಅಂಕ ಕೊಡುವ ವಿಷಯವಾದ ದಿನ ಇದು ಸತ್ತಂತೆಯೇ.)

ಕೋಲಾರ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ಆಂಧ್ರದ ಗಡಿಗೆ ಹೊಂದಿದ ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು. ತಮಿಳುನಾಡಿಗೆ ತಗುಲಿದ ಮಾಲೂರಿನಲ್ಲಿ ತಮಿಳೂ ಕೇಳಿಸುತ್ತದೆ. ಪಾಠದ ಕನ್ನಡ ಬಲ್ಲ ಮಗುವಿಗೆ ಅವಮಾನವನ್ನು, ಅಸೂಯೆಯನ್ನು ಹೇಳಿಕೊಳ್ಳಲು ಮನೆಯ ಮಾತೇ ಬೇಕಾಗಬಹುದು. ಅದನ್ನು ತರಗತಿಯಲ್ಲಿ ತಡೆಯುವುದು ಕಾಯಿನನ ಮೌನವನ್ನು ನಾವೇ ಹೇರಿದಂತೆ.

ಆದರೆ ಮಕ್ಕಳ ನಡುವಿನ ಜಗಳವಷ್ಟೇ ಶಾಲಾ ಹಿಂಸೆಯಲ್ಲ. ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯೊಂದರಲ್ಲಿ ವಿದ್ಯಾರ್ಥಿಗಳನ್ನು ಮಲದ ಗುಂಡಿ ಶುಚಿಗೊಳಿಸಲು ಇಳಿಸಿದ ಸಂಗತಿ 2023ರ ಡಿಸೆಂಬರ್‌ನಲ್ಲಿ ಬೆಳಕಿಗೆ ಬಂದಿತು. ಅಂತಹ ಮಗುವಿಗೆ ಸಿಟ್ಟು ನುಂಗುವುದನ್ನು ಕಲಿಸುವುದು ಕೌಶಲ್ಯವಲ್ಲ, ಅನ್ಯಾಯ. 'ಒಲ್ಲೆ' ಎನ್ನುವುದೂ ದೂರು ಕೊಡುವುದೂ ಪಾಠದ ಭಾಗವಾಗಬೇಕು. ಶಿಕ್ಷಣ ಹಕ್ಕು ಕಾಯಿದೆಯ (2009) 17ನೆಯ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಕ್ಕಳನ್ನು ಕೆರಳಿಸಬಾರದೆಂಬ ಎಫೆಸ 6:4ರ ಆದೇಶವೂ ಹಿರಿಯರಿಗೇ ಕೊಟ್ಟದ್ದು.

ಧರ್ಮಕೇಂದ್ರದ ಶಾಲೆಯ ಹೊಣೆ ಹೊರಲಿರುವ ಗುರು ಅಭ್ಯರ್ಥಿಗಳು ತರಬೇತಿಯನ್ನು ಮಕ್ಕಳಿಂದಲ್ಲ, ಶಿಕ್ಷಕರ ಕೊಠಡಿಯಿಂದ ಆರಂಭಿಸಲಿ; ಬೆತ್ತವನ್ನು ಅಲ್ಲಿಂದ ತೆಗೆಸಲಿ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಚಿಕ್ಕ ಮಗುವೂ ಓದುವ ಎತ್ತರದಲ್ಲಿ ಗೋಡೆಯ ಮೇಲೆ ಬರೆಸಲಿ.