ಹಳೆಯ ಲ್ಯಾಪ್‌ಟಾಪಿಗೆ ಹಗುರಾದ ಲಿನಕ್ಸ್

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶಾಲೆಗಳಿಗೆ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ತಾವು ಬಳಸಿದ ಲ್ಯಾಪ್‌ಟಾಪುಗಳನ್ನು ಪ್ರೀತಿಯಿಂದ ಕೊಡುವುದುಂಟು. ಕೊಟ್ಟ ವರ್ಷದೊಳಗೆ ಅವು ಕಪಾಟು ಸೇರುವುದೂ ಉಂಟು. ಅವುಗಳಲ್ಲಿ ಎಷ್ಟೋ ಯಂತ್ರಗಳು ಕೆಟ್ಟವಲ್ಲ. ಮೇಲೆ ಹೇರಿದ ಹೊರೆಯನ್ನು ಹೊರಲಾರದೆ ಕುಳಿತಂಥವು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಬೆಂಬಲದ ಸಾಮಾನ್ಯ ಅವಧಿಯು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ವಿಂಡೋಸ್ ೧೧ ಆದರೋ ೪ ಜಿ.ಬಿ. ರ‍್ಯಾಮ್, ೬೪ ಜಿ.ಬಿ. ಸಂಗ್ರಹಸ್ಥಳಗಳಲ್ಲದೆ ಟಿ.ಪಿ.ಎಂ. ೨.೦ ಎಂಬ ಸುರಕ್ಷಾ ಸಾಧನವನ್ನೂ ಬೇಡುತ್ತದೆ. ಹನ್ನೆರಡು ವರ್ಷದ ಹಳೆಯ ಯಂತ್ರದಲ್ಲಿ ಇದೆಲ್ಲ ಎಲ್ಲಿಂದ ಬರಬೇಕು? ಮುದಿ ಎತ್ತಿಗೆ ಹಗುರ ಬಂಡಿ ಕಟ್ಟುವ ಒಕ್ಕಲಿಗನ ವಿವೇಕವೇ ಇಲ್ಲಿಯೂ ದಾರಿ. ಆ ಹಗುರ ಬಂಡಿಯ ಹೆಸರು ಲಿನಕ್ಸ್.

೧೯೯೧ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಬರೆದು ಲೋಕಕ್ಕೆ ಹಂಚಿದ ತಿರುಳು ಇದು. ರಿಚರ್ಡ್ ಸ್ಟಾಲ್ಮನ್ ೧೯೮೩ರಲ್ಲಿ ಸಾರಿದ ಗ್ನೂ ಯೋಜನೆಯ ಸಾಧನಗಳು ಅದರೊಡನೆ ಕೂಡಿ ಪೂರ್ಣ ವ್ಯವಸ್ಥೆಯಾಯಿತು. ಯಾರೂ ಪಡೆಯಬಹುದು, ತಿದ್ದಬಹುದು, ಹಂಚಬಹುದು. ಆದುದರಿಂದಲೇ ಒಂದು ಮೂಲಕ್ಕೆ ನೂರಾರು ಸಂಕಲನಗಳು. ಇವನ್ನು 'ವಿತರಣೆ' ಎನ್ನುವರು. ಒಂದೇ ಕಾವ್ಯಕ್ಕೆ ಓಲೆಗರಿಗಳಲ್ಲಿ ಹಲವು ಪಾಠಗಳು ದೊರೆಯುವಂತೆ ಎನ್ನಬಹುದು. ಆದರೆ ಶುದ್ಧಪಾಠವೊಂದನ್ನೇ ಅರಸುವ ಪಂಡಿತರ ಹಠ ಇಲ್ಲಿ ಸಲ್ಲದು. ಎದುರಿಗಿರುವ ಯಂತ್ರಕ್ಕೆ ಒಗ್ಗಿದ್ದೇ ಶುದ್ಧಪಾಠ.

ವಿತರಣೆಗಳ ಭಾರವು ಬಹುಮಟ್ಟಿಗೆ ಪರದೆಯ ಮೇಲಣ ಅಲಂಕಾರದಿಂದ ಬರುತ್ತದೆ. ಗ್ನೋಮ್ ಎಂಬ ಪರಿಸರವು ಭಾರ. ಎಕ್ಸ್‌ಎಫ್‌ಸಿಇ ಮತ್ತು ಎಲ್‌ಎಕ್ಸ್‌ಕ್ಯೂಟಿ ಹಗುರ. ಆಯ್ಕೆಗೆ ಮುನ್ನ ಎರಡು ಸಂಗತಿಗಳನ್ನು ನೋಡಬೇಕು: ರ‍್ಯಾಮ್ ಎಷ್ಟು, ಸಂಸ್ಕಾರಕವು ೩೨ ಬಿಟ್‌ನದೋ ೬೪ ಬಿಟ್‌ನದೋ. ೪ ಜಿ.ಬಿ. ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಉತ್ತಮ. ಅದರ ೨೨ನೆಯ ಸರಣಿಗೆ ೨೦೨೯ರವರೆಗೆ ಬೆಂಬಲವುಂಟು. ರೂಪವು ವಿಂಡೋಸನ್ನು ಹೋಲುವುದರಿಂದ ಶಿಕ್ಷಕರು ಬೆದರುವುದಿಲ್ಲ. ಇದು ಸಣ್ಣ ಗುಣವಲ್ಲ. ೨ ಜಿ.ಬಿ.ಯಷ್ಟೇ ಇದ್ದರೆ ಲುಬುಂಟು; ಆದರೆ ಅದರ ದೀರ್ಘಾವಧಿ ಆವೃತ್ತಿಗೂ ಬೆಂಬಲ ಮೂರೇ ವರ್ಷ. ೩೨ ಬಿಟ್ ಯಂತ್ರಗಳ ಕಾಲ ಮುಗಿಯುತ್ತ ಬಂದಿದೆ. ೨೦೨೫ರ ಆಗಸ್ಟಿನಲ್ಲಿ ಬಂದ ಡೆಬಿಯನ್ ೧೩ ಅವುಗಳಿಗೆ ಸ್ಥಾಪನಾ ಪ್ರತಿಯನ್ನೇ ಕೊಡಲಿಲ್ಲ. ಡೆಬಿಯನ್ ೧೨ನ್ನು ಆಧರಿಸಿದ ಆಂಟಿಎಕ್ಸ್ ೨೩ ಅಂಥವಕ್ಕೆ ಉಳಿದಿರುವ ಆಸರೆಗಳಲ್ಲೊಂದು.

ಯಾವ ವಿತರಣೆಯಾದರೂ ಜಾಲತಾಣದ ಪುಟಗಳನ್ನು ಹಗುರ ಮಾಡಲಾರದು. ತಿರುಗುವ ಹಾರ್ಡ್‌ಡಿಸ್ಕನ್ನು ತೆಗೆದು ಸಣ್ಣದೊಂದು ಎಸ್.ಎಸ್.ಡಿ. ಹಾಕಿಸಿದರೆ ಆಗುವ ಲಾಭವು ಹತ್ತು ವಿತರಣೆಗಳನ್ನು ಬದಲಿಸಿದರೂ ಆಗದು. ಲ್ಯಾಪ್‌ಟಾಪಿನೊಡನೆ ಇದನ್ನೂ ಕೊಡುವ ದಾನಿಯ ದಾನ ಇಮ್ಮಡಿಯೆನಿಸುತ್ತದೆ.

ಇನ್ನು ಕನ್ನಡದ ಮಾತು. ಲಿನಕ್ಸಿನಲ್ಲಿ ಕನ್ನಡಕ್ಕೆ ಕೊರತೆಯಿಲ್ಲ. ಲೋಹಿತ್, ಗುಬ್ಬಿ, ನವಿಲು ಮೊದಲಾದ ಅಕ್ಷರರೂಪಗಳಿವೆ; ಇನ್‌ಸ್ಕ್ರಿಪ್ಟ್ ಕೀಲಿಮಣೆಯೊಡನೆ ಕಗಪ ವಿನ್ಯಾಸವೂ ಇದೆ. ನುಡಿಯಲ್ಲಿ ಪಳಗಿದ ಕೈಗೆ ಕೆಲವು ಕೀಲಿಗಳ ವ್ಯತ್ಯಾಸವು ಎರಡು ದಿನದ ಅಭ್ಯಾಸವಷ್ಟೆ. ತೊಡಕಿರುವುದು ಹಳೆಯ ಬರಹಗಳಲ್ಲಿ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿಯಲ್ಲಿ ಬೆರಳಚ್ಚಾದ ಪ್ರಶ್ನೆಪತ್ರಿಕೆ, ವಾರ್ಷಿಕ ವರದಿ, ಸಂಚಿಕೆಗಳ ಲೇಖನಗಳೊಳಗೆ ನಿಜವಾಗಿ ಇರುವುದು ರೋಮನ್ ಸಂಕೇತಗಳು; ಅಕ್ಷರರೂಪವು ಅವಕ್ಕೆ ಕನ್ನಡದ ವೇಷ ತೊಡಿಸಿರುತ್ತದೆ. ಆ ವೇಷವಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಅಕ್ಷರರಾಶಿ. ವಿಂಡೋಸ್ ಅಳಿಸುವ ಮೊದಲೇ ನುಡಿಯ ಪರಿವರ್ತಕದಿಂದ ಇವನ್ನು ಯೂನಿಕೋಡಿಗೆ ತಂದು, ಒಂದೊಂದು ಪುಟವನ್ನೂ ಕಣ್ಣಿಟ್ಟು ಓದಬೇಕು. ಅರ್ಕಾವೊತ್ತು ಬಂದಲ್ಲಿ ಯಂತ್ರವು ಎಡವುವುದುಂಟು. ಶಾಲೆಯ ಹಲವು ವರ್ಷಗಳ ಬರಹವು ಈ ಒಂದು ಅಲಕ್ಷ್ಯದಿಂದ ಓದಲಾರದ ಗಂಟಾಗಬಾರದು.

ಸ್ಥಾಪನೆಗೆ ಮುನ್ನ ೮ ಜಿ.ಬಿ. ಪೆನ್‌ಡ್ರೈವಿನಲ್ಲಿ ವಿತರಣೆಯನ್ನು ಬರೆದುಕೊಂಡು, ಹಾರ್ಡ್‌ಡಿಸ್ಕನ್ನು ಮುಟ್ಟದೆಯೇ ಯಂತ್ರವನ್ನು ನಡೆಯಿಸಿ ನೋಡಬಹುದು. ವೈಫೈ, ಧ್ವನಿ, ಮುದ್ರಣಯಂತ್ರಗಳು ಸ್ಪಂದಿಸುವುವೇ ಎಂಬುದು ಆಗಲೇ ತಿಳಿಯುತ್ತದೆ. ವಿಂಡೋಸ್ ಒಂದಕ್ಕೇ ಒಗ್ಗಿದ ಮುದ್ರಣಯಂತ್ರ ಕಚೇರಿಯಲ್ಲಿದ್ದರೆ, ಒಂದು ಲ್ಯಾಪ್‌ಟಾಪನ್ನು ಇದ್ದಂತೆಯೇ ಬಿಟ್ಟು ಅಂತರಜಾಲದಿಂದ ದೂರವಿಡುವುದು ಮೇಲು. ಮಕ್ಕಳ ಯಂತ್ರಗಳಿಗೆಲ್ಲ ಸಾಧ್ಯವಾದಷ್ಟೂ ಒಂದೇ ವಿತರಣೆ ಇರಲಿ. ಯಂತ್ರಕ್ಕೊಂದು ಬಗೆಯಾದರೆ ಕಲಿಸುವವರಿಗೂ ದುರಸ್ತಿ ಮಾಡುವವರಿಗೂ ಕಷ್ಟ. ಕೇರಳದ ಸರಕಾರಿ ಶಾಲೆಗಳು ಈ ಕ್ರಮದಿಂದಲೇ ಲಿನಕ್ಸನ್ನು ನೆಲೆಗೊಳಿಸಿದವು. ಕರ್ನಾಟಕದಲ್ಲಿಯೂ ೨೦೧೦ರ ದಶಕದಲ್ಲಿ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟು ಬಳಸಿ ಕಲಿತರು.

ಕಲಬುರಗಿ ಸೀಮೆಯ ಬೇಸಿಗೆಯಲ್ಲಿ ಬಿಸಿಲು ೪೦ ಡಿಗ್ರಿ ದಾಟುವುದು ವಾಡಿಕೆ. ಎರೆಭೂಮಿಯ ಧೂಳು ಒಳಗಣ ಫ್ಯಾನಿಗೆ ಮೆತ್ತಿದರೆ ಎಷ್ಟು ಹಗುರ ವಿತರಣೆಯೂ ತೆವಳುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಒರೆಸಬೇಕು. ಬ್ಯಾಟರಿ ಉಬ್ಬಿದ್ದರೆ ಅದನ್ನು ಬಳಸದೆ ತಿಳಿದವರಿಂದ ತೆಗೆಸಬೇಕು. ಬ್ಯಾಟರಿಯಿಲ್ಲದ ಲ್ಯಾಪ್‌ಟಾಪಿಗೆ ಯು.ಪಿ.ಎಸ್. ಇಲ್ಲದಿದ್ದಲ್ಲಿ, ವಿದ್ಯುತ್ತು ಹೋದೊಡನೆ ಮಗುವಿನ ಅರ್ಧ ಗಂಟೆಯ ಕೆಲಸ ಹೋಗುತ್ತದೆ.